ಆರೂವರೆಯ ಗಾಡಿ

ಜೂನ್ 14, ಸಂಡೂರು

ನಿದ್ದೆಗೆ ಗುಳಿಗೆ ಕೇಳಲು ಹೋದರೆ ಡಾಕ್ಟರಮ್ಮ, "ಮೊದ್ಲು ದಿನಾ ನಾಲ್ಕು ಸಾಲು ಬರೀರಿ, ಆಮ್ಯಾಲ ನೋಡೋಣ" ಎಂದರು. ಬರೆಯುವಂಥದ್ದು ಏನಿದೆ? ಎದ್ದೆ. ಅತ್ತೆಗೆ ಚಹಾ ಕೊಟ್ಟೆ. ಇವರು ಹೋಗಿ ಎಂಟು ತಿಂಗಳಾಯಿತು. ಇವರ ಕಾರಿಗೆ ಹೊದಿಸಿದ್ದ ಹೊದಿಕೆ ಗಾಳಿಗೆ ಹಾರಿತ್ತು, ಮತ್ತೆ ಕಟ್ಟಿದೆ.

ಜೂನ್ 17

ಅಡುಗೆ. ಅತ್ತೆಯ ಸಕ್ಕರೆ ಕಾಯಿಲೆಯ ಗುಳಿಗೆ. ನಿದ್ದೆ ಇಲ್ಲ.

ಜೂನ್ 23

ಮೈದುನ ಮರುಳಸಿದ್ದಪ್ಪ ಬಂದಿದ್ದ. ಇವರ ಹಾರ್ಡ್‌ವೇರ್ ಅಂಗಡಿಯನ್ನು ಈಗ ಅವನೇ ನೋಡಿಕೊಳ್ಳುತ್ತಾನೆ. ನಮ್ಮನ್ನೂ ನೋಡಿಕೊಳ್ಳುತ್ತಾನೆ. "ಅತ್ತಿಗೀ, ಎಲ್ಲಿಗೆ ಹೋಗಬೇಕಂದ್ರೂ ಒಂದು ಫೋನ್ ಮಾಡ್ರಿ, ಎರ್ರಿಯಪ್ಪನ್ನ ಕಳಿಸ್ತೀನಿ" ಎಂದು ಪ್ರತಿ ಸಲದಂತೆ ಹೇಳಿದ. ಎರ್ರಿಯಪ್ಪ ಅಂಗಡಿಯ ಡ್ರೈವರ್. ಎಲ್ಲಿಗಾದರೂ ಹೋಗಬೇಕೆಂದು ನನಗೆ ಅನಿಸಿದರೆ ತಾನೆ!

ವರ್ಷದ ಪೂಜೆಯ ಹೊತ್ತಿಗೆ ಅಣ್ಣನ ಹೆಸರಿನಲ್ಲಿ ಏನಾದರೂ ಮಾಡೋಣ ಎಂದ. ಗುಡ್ಡದ ಮೇಲಿನ ನಮ್ಮ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದಲ್ಲಿ ಇವರ ಹೆಸರಿನ ಒಂದು ಚಿನ್ನದ ಪದಕ ಇಡಬಹುದು ಎಂದೆ. ಹೇಗೆ ಹೊಳೆಯಿತೋ ಗೊತ್ತಿಲ್ಲ. ನಾನು ಕಂಪ್ಲಿಯಿಂದ ಬಂದು, ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಅಲ್ಲಿ ಅರ್ಥಶಾಸ್ತ್ರದಲ್ಲಿ ಎಂ.ಎ. ಓದಿದವಳು. ಫಲಿತಾಂಶ ಬರುವ ಮೊದಲೇ ಇದೇ ಊರಿಗೆ ಸೊಸೆಯಾದೆ. ಆ ಓದನ್ನು ಆಮೇಲೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಜೂನ್ 29

ಎರ್ರಿಯಪ್ಪ ಕರೆದುಕೊಂಡು ಹೋದ. ನಮ್ಮ ಮಾಳಿಗೆಯಿಂದ ಆ ಗುಡ್ಡ ಕಾಣುತ್ತದೆ, ಆದರೂ ಓದು ಮುಗಿದ ಮೇಲೆ ನಾನು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಬೇವಿನ ಗಿಡಗಳು ಮರಗಳಾಗಿವೆ. ನಿರ್ದೇಶಕರು ಗೌರವದಿಂದ ಮಾತನಾಡಿಸಿ, ಪದಕದ ವಿಷಯ ಸಮಿತಿಯ ಮುಂದೆ ಇಡುತ್ತೇವೆ ಎಂದರು.

ಹೊರಗೆ ಬರುವಾಗ ಗ್ರಂಥಾಲಯದ ಬಾಗಿಲಲ್ಲಿ ನಿಂತಿದ್ದ ಕನ್ನಡಕದವರೊಬ್ಬರು ನನ್ನನ್ನೇ ದಿಟ್ಟಿಸುತ್ತಿದ್ದರು. "ಕಂಪ್ಲಿ ಗಂಗಾಂಬಿಕಾ ಅಲ್ಲೇನ್ರಿ?"

ಮುರುಗೇಶ್! ನಮ್ಮ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವರು ಈಗ ಇಲ್ಲಿಯ ಗ್ರಂಥಪಾಲಕರು. ಪದಕದ ವಿಷಯ ಹೇಳಿದೆ.

"ಛಲೋ ಆತು ಬಿಡ್ರಿ. ಆದ್ರ ಸ್ವಲ್ಪ ಹೊತ್ತು ಇಲ್ಲೇ ಕುಂದ್ರಿ, ಒಂದು ತಮಾಷಿ ನೋಡೀರಂತ."

ಓದುವ ಕೋಣೆಯ ತುಂಬ ಹುಡುಗಿಯರು. ಇದ್ದಕ್ಕಿದ್ದಂತೆ ಎಲ್ಲರೂ ಪುಸ್ತಕ ಮುಚ್ಚಿ ಎದ್ದರು. ಕುರ್ಚಿಗಳ ಸದ್ದು, ಚಪ್ಪಲಿಗಳ ಸದ್ದು, ಆಮೇಲೆ ಫ್ಯಾನಿನ ಸದ್ದು ಮಾತ್ರ. ಮೂಲೆಯಲ್ಲಿ ಒಂದಿಬ್ಬರು ಹುಡುಗರು ಉಳಿದರು.

"ನಾಲ್ಕು ಗಂಟೆ ಬಸ್ಸೇ ಕಡೀದು" ಎಂದರು ಮುರುಗೇಶ್. "ಅದು ತಪ್ಪಿದ್ರ ಸಂಡೂರು ಬಸ್‌ಸ್ಟ್ಯಾಂಡ್ ತನಕ ಅದಿರು ಲಾರಿ ದಾರಿ ಹಿಡಿದು ನಡೀಬೇಕು. ಹುಡುಗರಿಗೆ ಬೈಕ್ ಅದಾವ. ನಿಮ್ಮ ಪದಕ ಗೆಲ್ಲೋರು ಈಗ ಬಸ್ ಹತ್ತಿದ್ರು ನೋಡ್ರಿ."

ನನಗೆ ಸಿಟ್ಟು ಬಂತು. ಕೊಡಲು ಬಂದವಳಿಗೆ ಹೀಗೆ ಹೇಳುವುದೇ?

ಜುಲೈ 4

ಮುರುಗೇಶ್ ಫೋನು. ನಿವೃತ್ತ ಪ್ರೊಫೆಸರೊಬ್ಬರ ಮನೆಯವರು ಡಬ್ಬಗಟ್ಟಲೆ ಪುಸ್ತಕ ಕೊಟ್ಟಿದ್ದಾರಂತೆ, ವಿಂಗಡಿಸಲು ಜನವಿಲ್ಲವಂತೆ, ವಾರದಲ್ಲಿ ಒಂದೆರಡು ಮಧ್ಯಾಹ್ನ ಬರಲಾದೀತೇ ಎಂದರು. ಅತ್ತೆಯನ್ನು ಕೇಳಿದೆ.

"ಹೋಗವ್ವ. ಮನ್ಯಾಗ ಇದ್ರೂ ಯಾರ ಮುಖ ನೋಡ್ತಿ? ನಂದೇ ಅಲ್ಲೇನು" ಎಂದರು.

ಜುಲೈ 12

ಮೂಗಿನ ತುಂಬ ಹಳೆಯ ಕಾಗದದ ಧೂಳು. ಸೀನಿ ಸೀನಿ ಸಾಕಾಯಿತು. ಎರಡು ಕಪಾಟು ತುಂಬಿಸಿದೆ.

ಓದುವ ಕೋಣೆಯಲ್ಲಿ ರಮಾ ಎಂಬ ಹುಡುಗಿ ಇದ್ದಾಳೆ. ಕಮಲಾಪುರದವಳು. ನನ್ನದೇ ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿದಿದೆ, ಉಪನ್ಯಾಸಕರಾಗಲು ಬರೆಯಬೇಕಾದ ಕೆಸೆಟ್ ಪರೀಕ್ಷೆಗೆ ಓದುತ್ತಿದ್ದಾಳೆ. ಹೊಸಪೇಟೆಗೆ ಒಂದು ಬಸ್ಸು, ಅಲ್ಲಿಂದ ಸಂಡೂರಿಗೆ ಇನ್ನೊಂದು, ಗುಡ್ಡಕ್ಕೆ ಮತ್ತೊಂದು. ಬಸ್ಸಿನ ಹೊತ್ತಾದಾಗ ಉಳಿದ ಪುಟಗಳನ್ನೆಲ್ಲ ಗಡಿಬಿಡಿಯಲ್ಲಿ ಫೋನಿನಲ್ಲಿ ಫೋಟೊ ಹಿಡಿಯುತ್ತಾಳೆ. ಮನೆಯಲ್ಲಿ ಕೂತು ಓದಬಹುದಲ್ಲ ಎಂದೆ.

"ಒಂದೇ ರೂಮು ಮೇಡಂ. ಟಿವಿ ಐತಿ, ತಮ್ಮಂದಿರು ಅದಾರ, ಅಪ್ಪ ಗದ್ದಿ ಕೆಲಸ ಮುಗಿಸಿ ಬಂದು ಮಲಗ್ತಾರ. ಇಲ್ಲಿ ಓದಿದ್ದಷ್ಟೇ ಓದು."

ಅವಳ ಗೆಳತಿ ಕಾವ್ಯ ಹೊಸಪೇಟೆಯ ಚಿತ್ತವಾಡ್ಗಿಯವಳು, ಕೊನೆಯ ವರ್ಷದ ಎಂ.ಎ., ಬಾಯಿಗೆ ಬಿಡುವಿಲ್ಲ. ಅವಳೇ ಹೇಳಿದಳು: "ಇಕಿಗೆ ಈ ಒಂದು ಪರೀಕ್ಷಿ ಅಷ್ಟೇ ಆಂಟಿ. ಪಾಸಾಗ್ಲಿಲ್ಲಂದ್ರ ಹೊಸಪೇಟಿ ಬಟ್ಟಿ ಅಂಗಡ್ಯಾಗ ಸೀರಿ ಮಡಚೋದು. ಅವರಪ್ಪ ಆಗ್ಲೇ ಮಾತಾಡಿ ಬಂದಾರ."

ರಮಾ ಅವಳ ಕಾಲು ತುಳಿದಳು.

ಜುಲೈ 19

ಬಸ್ಸು ಬರಲಿಲ್ಲ. ಎರ್ರಿಯಪ್ಪ ನನ್ನನ್ನು ಬಿಟ್ಟು ಸಿಮೆಂಟ್ ಲೋಡಿಗೆ ಹೋಗಿದ್ದ, ಬರುವುದು ತಡವೆಂದು ಫೋನು ಮಾಡಿದ. ಹುಡುಗಿಯರು ನಡೆಯಲು ಹೊರಟರು, ನಾನೂ ಹೊರಟೆ.

ಈ ಊರಿನಲ್ಲಿ ಇಷ್ಟು ವರ್ಷವಿದ್ದೂ ಆ ದಾರಿಯಲ್ಲಿ ನಾನು ನಡೆದಿರಲಿಲ್ಲ. ಪಕ್ಕದಲ್ಲಿ ಕಾಲಿಡಲು ಜಾಗವಿಲ್ಲ. ಲಾರಿ ಬಂದಾಗಲೆಲ್ಲ ಮುಳ್ಳಿನ ಪೊದೆಗೆ ಒತ್ತಿ ನಿಲ್ಲಬೇಕು. ಹುಡುಗಿಯರು ಮಾತಾಡಲಿಲ್ಲ, ಕಾವ್ಯ ಕೂಡ. ಒಂದು ಲಾರಿ ನಮ್ಮ ಪಕ್ಕದಲ್ಲೇ ನಿಧಾನವಾಯಿತು. ಒಳಗಿನಿಂದ ಒಬ್ಬ ಏನೋ ಅಂದು ನಕ್ಕ. ನಾನು ಕೊಡೆಯನ್ನು ಕೋಲಿನಂತೆ ಹಿಡಿದುಕೊಂಡೆ. ರಮಾ ಮುಖ ತಿರುಗಿಸದೆ, "ನಡೀರಿ ಮೇಡಂ, ನೋಡಬ್ಯಾಡ್ರಿ" ಎಂದಳು. ನೋಡದೆ ನಡೆಯುವುದು ಅವಳಿಗೆ ರೂಢಿಯಾಗಿದೆ.

ಮನೆ ಸೇರುವಷ್ಟರಲ್ಲಿ ಅದಿರಿನ ಧೂಳಿಗೆ ಸೀರೆ, ಮುಖ, ಕೂದಲು ಎಲ್ಲ ಕೆಂಪು. ಅತ್ತೆ ಬಾಗಿಲಲ್ಲೇ ನಿಲ್ಲಿಸಿ, "ಯಾವ ಗುಂಡ್ಯಾಗ ಬಿದ್ದು ಬಂದಿ?" ಎಂದರು.

ಜುಲೈ 21

ಹುಡುಗಿಯರನ್ನು ಕರೆತರಲು ದಿನಾ ಸಂಜೆ ಎರ್ರಿಯಪ್ಪನನ್ನು ಗುಡ್ಡಕ್ಕೆ ಕಳಿಸಲಾದೀತೇ ಎಂದು ಮರುಳಸಿದ್ದಪ್ಪನನ್ನು ಕೇಳಿದೆ. ಸಂಜೆಯೇ ಅಂಗಡಿಯಲ್ಲಿ ವ್ಯಾಪಾರ, ಆಗುವುದಿಲ್ಲ ಎಂದ. ಅವನದೂ ತಪ್ಪಲ್ಲ. ಹೊರಡುವಾಗ ಹೊದಿಕೆ ಎತ್ತಿ ಕಾರು ನೋಡಿದ. "ನಿಂತು ನಿಂತು ಹಾಳಾಗ್ತೈತಿ ಅತ್ತಿಗೀ. ಗಿರಾಕಿ ನೋಡ್ಲೇನು?"

ನೋಡು ಎಂದೆ.

ಆಗಸ್ಟ್ 1

ಮಾರುವ ಮೊದಲು ಕಲಿತರೆ ತಪ್ಪೇನು? ಅಷ್ಟೇ ಅನಿಸಿತು. ಬಸ್‌ಸ್ಟ್ಯಾಂಡಿನ ಹಿಂದಿನ ಡ್ರೈವಿಂಗ್ ಶಾಲೆಗೆ ಹೋದೆ. ಕಲಿಸುವವಳು ಸುಧಾರಾಣಿ, ಮಾಲೀಕನ ಹೆಂಡತಿ, ಸದಾ ಬಾಯಲ್ಲಿ ಏಲಕ್ಕಿ. ನನ್ನ ವಯಸ್ಸು ಕೇಳಲಿಲ್ಲ. "ಕಣ್ಣು ಕಾಣ್ತಾವೇನ್ರಿ? ಕಾಲು ಎಟುಕ್ತಾವೇನ್ರಿ? ಹಂಗಾರ ಹತ್ರಿ" ಎಂದಳು. ಅರ್ಜಿಗೆ ಫೋಟೊ ತೆಗೆಸಿದೆ. ಇವರು ಹೋದ ಮೇಲೆ ತೆಗೆಸಿದ ಮೊದಲ ಫೋಟೊ. ಯಾರೋ ಬೇರೆಯವಳಂತೆ ಇದ್ದೇನೆ.

ಮನೆಯಲ್ಲಿ ಹೇಳಿಲ್ಲ.

ಆಗಸ್ಟ್ 26

ಹೇಳುವುದು ಉಳಿಯಲಿಲ್ಲ. ಕ್ಲಚ್ ಬಿಡುವುದು ಬಿಟ್ಟು ಇನ್ನೇನನ್ನೋ ಒತ್ತಿದೆ, ಕಾರು ಎಗರಿ ಸಂತೆಯಲ್ಲಿ ತರಕಾರಿ ಮಾರುವ ಮುದುಕಮ್ಮನ ಬದನೆಕಾಯಿ ಬುಟ್ಟಿಯ ಮೇಲೆ ಹೋಗಿ ನಿಂತಿತು. ಮುದುಕಮ್ಮ ಪಕ್ಕಕ್ಕೆ ಹಾರಿ ನಿಂತು, "ಹಾರ್ಡ್‌ವೇರ್ ಅಂಗಡಿ ಸಾವ್ಕಾರ್ತಿ ನನ್ನ ಕೊಲ್ಲಾಕ ಬಂದಾಳ್ರೋ" ಎಂದು ಇಡೀ ಸಂತೆಗೆ ಕೇಳುವಂತೆ ಕೂಗಿದಳು. ಬುಟ್ಟಿಯನ್ನೇ ಕೊಂಡುಕೊಂಡೆ. ಅಪ್ಪಚ್ಚಿಯಾಗದೆ ಉಳಿದದ್ದರಿಂದ ಎಣ್ಣೆಗಾಯಿ ಮಾಡಿದೆ.

ಸಂಜೆ ಮರುಳಸಿದ್ದಪ್ಪ ಬಂದ. ನನ್ನ ಮುಖ ನೋಡದೆ ಅತ್ತೆಗೆ ಹೇಳಿದ: "ಅಣ್ಣ ಹೋಗಿ ವರ್ಷ ಆಗಿಲ್ಲ. ಊರಾಗ ಏನಂತಾರವ್ವ? ನಾ ಇಲ್ಲೇನು? ಡ್ರೈವರ್ ಇಲ್ಲೇನು?"

ನಾಳೆಯಿಂದ ಹೋಗುವುದಿಲ್ಲ ಎನ್ನಬೇಕೆಂದಿದ್ದೆ. ಅತ್ತೆ ಎಣ್ಣೆಗಾಯಿ ಬೆರಳಿಂದ ಒರೆಸಿ ತಿನ್ನುತ್ತ, "ನನ್ನ ಕಣ್ಣಿನ ಡಾಕ್ಟರ್ ಹತ್ರ ಕರಕೊಂಡು ಹೋಗಂತ ಯುಗಾದಿಯಿಂದ ಹೇಳಾಕತ್ತೀನಿ ನಿನಗ. ಪುರಸೊತ್ತಾತೇನು? ಕಲೀಲಿ ಬಿಡು" ಎಂದರು.

ಸೆಪ್ಟೆಂಬರ್ 12

ಹೊಸಪೇಟೆಯಲ್ಲಿ ಲೈಸೆನ್ಸ್ ಪರೀಕ್ಷೆ. ಹಿಂದಕ್ಕೆ ಬಿಡುವಾಗ ಕಂಬಕ್ಕೆ ತಾಗಿಸಿದೆ. ಫೇಲು. ಎಂ.ಎ.ಯಲ್ಲಿ ಪ್ರಥಮ ದರ್ಜೆ ಬಂದವಳು. ಬಸ್ಸಿನಲ್ಲಿ ಅಳು ಬಂತು, ಆಮೇಲೆ ಯಾಕೋ ನಗುವೂ ಬಂತು. ಪಕ್ಕದಲ್ಲಿ ಕೂತ ಹೆಂಗಸು ಎದ್ದು ಬೇರೆ ಕಡೆ ಕೂತಳು.

ಸೆಪ್ಟೆಂಬರ್ 22

ಮರುಳಸಿದ್ದಪ್ಪ ಗಿರಾಕಿಯನ್ನು ಕರೆತಂದ. ತೋರಣಗಲ್ಲಿನ ಗುತ್ತಿಗೆದಾರ. ಕಾರು ಸುತ್ತಿ ನೋಡಿ, ಬಾಗಿಲು ತೆಗೆದು ಹಾಕಿ, ಒಪ್ಪಿದ. ಮರುಳಸಿದ್ದಪ್ಪ ನನ್ನತ್ತ ಕೈ ಚಾಚಿ ಕೀಲಿ ಕೇಳಿದ.

"ಇಲ್ಲಪ್ಪ. ಕೊಡೋದಿಲ್ಲ" ಎಂದೆ.

"ಯಾಕ್ರಿ ಅತ್ತಿಗೀ? ನೀವೇ ನೋಡು ಅಂದಿದ್ರಿ."

"ಅಂದಿದ್ದೆ. ಈಗ ಬ್ಯಾಡ."

ಬಂದವನಿಗೆ ಚಹಾ ಕೊಟ್ಟು ಕಳಿಸಿದೆ. ಮರುಳಸಿದ್ದಪ್ಪ ಚಹಾ ಮುಟ್ಟಲಿಲ್ಲ. ಪಾಪ, ಅವನಿಗೆ ಅವಮಾನವಾಯಿತೇನೋ. ಸಾರಿಗೆ ಉಪ್ಪು ಹಾಕುವುದು ಮರೆತಿದ್ದೆ, ಅತ್ತೆ ತಾವೇ ಎದ್ದು ಹಾಕಿಕೊಂಡರು.

ಅಕ್ಟೋಬರ್ 1

ಪಾಸು!

ಅಕ್ಟೋಬರ್ 9

ಮುರುಗೇಶ್ ಆರೂವರೆಯವರೆಗೆ ಓದುವ ಕೋಣೆ ತೆರೆದಿಡಲು ನಿರ್ದೇಶಕರ ಒಪ್ಪಿಗೆ ತಂದಿದ್ದಾರೆ. ಇಂದು ನಾಲ್ಕಕ್ಕೆ ಬಸ್ಸು ಹೋಯಿತು. ನಾಲ್ವರು ಹುಡುಗಿಯರು ಏಳಲಿಲ್ಲ.

ನನ್ನ ಕಾರಿನಲ್ಲಿ ಅವರನ್ನು ಕೂರಿಸಿಕೊಂಡು ಇಳಿಜಾರು ಇಳಿಯುವಾಗ ಬೆನ್ನು ಬೆವೆತು ಸೀಟಿಗೆ ಅಂಟಿತ್ತು. ಎದುರಿಗೆ ಲಾರಿ ಬಂದಾಗಲೆಲ್ಲ ಐದೂ ಜನ ಉಸಿರು ಹಿಡಿಯುತ್ತಿದ್ದೆವು. ಬಸ್‌ಸ್ಟ್ಯಾಂಡ್ ತಲುಪಿದಾಗ ಕಾವ್ಯ, "ಆಂಟಿ, ನೀವು ಮಸ್ತ್ ಹೊಡೀತೀರಿ. ಸೈಕಲ್‌ನೋರು ನಮ್ಮನ್ನ ಓವರ್‌ಟೇಕ್ ಮಾಡಿದ್ರು ಅಷ್ಟೇ" ಎಂದಳು. ಅವರು ಹೊಸಪೇಟೆ ಬಸ್ಸು ಹತ್ತುವವರೆಗೆ ನಿಂತಿದ್ದೆ.

ಅಕ್ಟೋಬರ್ 16

ವರ್ಷದ ಪೂಜೆ. ಕಂಪ್ಲಿಯಿಂದ ಅಣ್ಣಂದಿರು, ಅತ್ತಿಗೆಯರು ಎಲ್ಲ ಬಂದಿದ್ದರು. ಜಂಗಮರ ಊಟ ಮುಗಿಯುವಾಗ ಸಂಜೆಯಾಯಿತು. ಹುಡುಗಿಯರು ಇಂದು ಹೇಗೆ ಹೋದರೋ.

ಅಕ್ಟೋಬರ್ 24

ಅತ್ತೆಯ ಕಣ್ಣಿನ ಡಾಕ್ಟರಿಗೆ ತೋರಿಸಿ ಬರುವಾಗ ತಡವಾಯಿತು, ಅವರನ್ನೂ ಕರೆದುಕೊಂಡೇ ಗುಡ್ಡಕ್ಕೆ ಹೋದೆ. ಹಿಂದಿನ ಬಾಗಿಲು ತೆಗೆದರೆ, "ಮುಂದ ಕುಂದ್ರತೀನಿ" ಎಂದರು. ಕೂತ ಮೇಲೆ ನನ್ನ ಕಡೆಯ ಸ್ಟೀರಿಂಗ್ ಮುಟ್ಟಿ ನೋಡಿದರು. "ಇದು ಅವನ ಜಾಗ" ಎಂದರು. ಈ ವರ್ಷವಿಡೀ ನಾನು ಗಂಡನನ್ನು ಕಳೆದುಕೊಂಡವಳು ಎಂದು ಕೂತಿದ್ದೆ. ಅದೇ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ, ಮಗನನ್ನು ಕಳೆದುಕೊಂಡವರು ಕೂತಿದ್ದರು.

ಹುಡುಗಿಯರು ಹತ್ತಿದ ಮೇಲೆ ಅತ್ತೆಗೆ ಜೀವ ಬಂತು. ಊರು, ತಂದೆ, ತಾಯಿ ಎಲ್ಲ ವಿಚಾರಿಸಿ, ರಮಾಳನ್ನು, "ನೀವು ಯಾರ ಪೈಕಿ?" ಎಂದು ಕೇಳಿದರು. ನನಗೆ ಗೇರೇ ಸಿಗಲಿಲ್ಲ. ರಮಾ ನೇರವಾಗಿ ಹೇಳಿದಳು, ನಾವು ದಲಿತರು, ಈಗ ಬೌದ್ಧರು ಎಂದು. ಅತ್ತೆ, "ಹಾಂ" ಎಂದರು. ಮನೆಗೆ ಬಂದ ಮೇಲೆ ಹೇಳಿದೆ: "ಅತ್ತೀ, ಹಂಗ ಕೇಳಬಾರ್ದಿತ್ತು." "ಕೇಳಿದ್ರ ಏನಾತು? ಆಕಿಗೇ ಇಲ್ಲದ ಸಂಕಟ ನಿನಗ್ಯಾಕ?" ಎಂದರು. ಆಕೆಗೆ ಇಲ್ಲವೆಂದು ಇವರಿಗೆ ಹೇಗೆ ಗೊತ್ತು?

ನವೆಂಬರ್ 3

ಅತ್ತೆ ದಿನಾ ಬರುತ್ತಾರೆ. ಆರು ಗಂಟೆಗೇ ಚಪ್ಪಲಿ ಹಾಕಿಕೊಂಡು ಕೂರುತ್ತಾರೆ. ರಮಾಳ ಹತ್ತಿರ ದಿನಾ, "ಇವತ್ತು ಏನು ಓದಿದಿ, ಹೇಳು" ಎಂದು ಕೇಳುತ್ತಾರೆ. ಆಕೆ ಹಣದುಬ್ಬರ ಎಂದರೇನೆಂದು ಹೇಳಿದಳು. "ಅದನ್ನ ಹೇಳಾಕ ಪುಸ್ತಕ ಯಾಕ ಬೇಕವ್ವ? ಸಂತಿಗೆ ಹೋದ್ರ ಗೊತ್ತಾಗ್ತೈತಿ" ಎಂದರು ಅತ್ತೆ. ನಾನೂ ನನ್ನ ಹಳೆಯ ಟಿಪ್ಪಣಿ ನೆನಪು ಮಾಡಿಕೊಂಡು ಒಂದೆರಡು ಹೇಳಿದೆ. ಎಷ್ಟೋ ಮರೆತಿಲ್ಲ! ಇನ್ನೂ ಬರೆಯಬೇಕೆಂದಿದ್ದೆ, ಆದರೆ ಕಣ್ಣು ಎಳೆಯುತ್ತಿದೆ.

ನವೆಂಬರ್ 16

ನಿನ್ನೆಯದನ್ನು ಇಂದು ಬರೆಯುತ್ತಿದ್ದೇನೆ.

ಕಾವ್ಯ ಮತ್ತು ಉಳಿದವರು ರಜೆ ಹಾಕಿದ್ದರು, ಕಾರಿನಲ್ಲಿ ರಮಾ ಮತ್ತು ಅತ್ತೆ ಮಾತ್ರ. ಗುಡ್ಡ ಇಳಿದು ಅರ್ಧ ದಾರಿಗೆ ಬಂದಿದ್ದೆವು, ಮುಂದೆ ಅದಿರು ಲಾರಿಯೊಂದು ಅಡ್ಡ ಬಿದ್ದಿತ್ತು. ಹಿಂದೆಯೂ ಲಾರಿಗಳು ಬಂದು ನಿಂತವು. ಆ ತಿರುವಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಕ್ರೇನು ಬಂದು ದಾರಿ ಬಿಡುವಷ್ಟರಲ್ಲಿ ರಾತ್ರಿ ಎಂಟೂವರೆಯಾಗಿತ್ತು. ಬಸ್‌ಸ್ಟ್ಯಾಂಡಿಗೆ ಬಂದರೆ ಹೊಸಪೇಟೆ ಬಸ್ಸು ಹೋಗಿತ್ತು, ಮುಂದಿನದು ಯಾವಾಗಲೋ. ರಮಾಳ ಫೋನಿನ ಚಾರ್ಜು ಮುಗಿದಿತ್ತು, ನನ್ನ ಫೋನಿನಿಂದ ಮನೆಗೆ ಮಾಡಿದಳು. ಅವಳ ತಂದೆಯ ದನಿ ನನಗೂ ಕೇಳಿತು. "ಎಲ್ಲಿದ್ದಿ? ಎಲ್ಲಿದ್ದಿ ನೀ?" ಎಂದು ಎರಡು ಸಲ ಕೇಳಿ ಫೋನ್ ಇಟ್ಟುಬಿಟ್ಟರು. ಆಕೆಯ ಮುಖ ನೋಡಲಾಗಲಿಲ್ಲ.

"ನಡಿ ಗಂಗಾ. ಮನೀ ತನಕ ಬಿಟ್ಟು ಬರೋಣ" ಎಂದರು ಅತ್ತೆ.

ಊರು ದಾಟಿ ನಾನು ಕಾರು ಓಡಿಸಿಯೇ ಇರಲಿಲ್ಲ. ಹೊಸಪೇಟೆಯವರೆಗೆ ಒಂದು ಲಾರಿಯ ಹಿಂದಿನ ಕೆಂಪು ದೀಪ ನೋಡಿಕೊಂಡೇ ಹೋದೆ. ಅದು ನಿಧಾನವಾದರೆ ನಿಧಾನ, ತಿರುಗಿದರೆ ತಿರುಗುವುದು. ಹೊಸಪೇಟೆ ದಾಟಿದ ಮೇಲೆ ಕಬ್ಬಿನ ಗದ್ದೆಗಳ ನಡುವೆ ದಾರಿ ತಣ್ಣಗಿತ್ತು. ಆಗ ಗಮನಿಸಿದೆ, ಅತ್ತೆ ಮಾತಾಡುತ್ತಿಲ್ಲ. ಕೈ ಮುಟ್ಟಿದರೆ ಬೆವರು. ಗುಳಿಗೆ ನುಂಗಿದ್ದರು, ಉಂಡಿರಲಿಲ್ಲ, ಸಕ್ಕರೆ ಇಳಿದಿತ್ತು. ಕಾರಿನಲ್ಲಿ ಒಂದು ಬಿಸ್ಕತ್ತೂ ಇಲ್ಲ. ನನಗೇ ಹೊಡೆದುಕೊಳ್ಳುವಂತಾಯಿತು.

ಕಮಲಾಪುರದಲ್ಲಿ ರಮಾಳ ತಂದೆ ಪಕೀರಪ್ಪ ರಸ್ತೆಗೇ ಬಂದು ನಿಂತಿದ್ದರು. ಆಕೆ ಇಳಿಯುತ್ತಲೇ, "ಸಾಕು, ನಾಳಿಂದ ಬ್ಯಾಡ. ಓದಿದ್ದು ಸಾಕು" ಎಂದರು. ಅಷ್ಟರಲ್ಲಿ ಅವಳ ತಾಯಿ ಯಮನಮ್ಮ ಕಾರಿನೊಳಗೆ ಇಣುಕಿ ಅತ್ತೆಯನ್ನು ನೋಡಿದರು. "ಅಯ್ಯೋ, ಅಜ್ಜಿ ಯಾಕ ಹಿಂಗದಾರ? ಸಕ್ರಿ ಕಾಯಿಲೇನ್ರಿ?" ಎನ್ನುತ್ತ ತಾವೇ ತೋಳು ಕೊಟ್ಟು ಇಳಿಸಿ, ಒಳಗೆ ಗೋಡೆಗೆ ಒರಗಿಸಿ ಕೂರಿಸಿದರು. ಸಕ್ಕರೆ ನೀರು ಕಲಸಿ ಲೋಟ ತಂದವರು ನನ್ನ ಮುಂದೆ ನಿಂತು ದನಿ ತಗ್ಗಿಸಿದರು.

"ಅವರು ನಮ್ಮ ಮನಿ ನೀರು ಕುಡೀತಾರೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೈ ಚಾಚಿದ್ದರು. "ಕೊಡವ್ವಾ, ಜಲ್ದಿ ಕೊಡು."

ಸ್ವಲ್ಪ ಹೊತ್ತಿಗೆ ಕಣ್ಣು ನಿಚ್ಚಳವಾಯಿತು. ಯಮನಮ್ಮ ಬಿಸಿ ರೊಟ್ಟಿ, ಹೀರೆಕಾಯಿ ಪಲ್ಯ ತಂದಿಟ್ಟರು. ಅತ್ತೆ ಒಂದು ರೊಟ್ಟಿ ಮುಗಿಸಿ, "ಇನ್ನೊಂಚೂರು ಪಲ್ಯ ಹಾಕು, ಛಲೋ ಐತಿ" ಎಂದರು. ನಾನೂ ಉಂಡೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ರಮಾಳ ಪುಸ್ತಕಗಳು ಟಿವಿಯ ಮೇಲೆ ಒಟ್ಟಿದ್ದವು.

ಪಕೀರಪ್ಪ ಹೊಸ್ತಿಲಲ್ಲಿ ಕೂತಿದ್ದರು. ಸಿಟ್ಟು ಇಳಿದಿತ್ತು, ಮಾತು ಇಳಿದಿರಲಿಲ್ಲ. "ಓದಿಸಬಾರ್ದು ಅಂತಲ್ರೀ ಅಮ್ಮಾರೆ. ಕತ್ತಲಾದ ಮ್ಯಾಲ ದಾರಿ ನೋಡ್ಕೊಂತ ನಿಂದ್ರೋದು ಐತಲ್ಲ, ಅದು ನನ್ನ ಕೈಲಿ ಆಗೂದಿಲ್ಲ."

ಅವರ ಮಾತು ಸುಳ್ಳಲ್ಲ.

ಅತ್ತೆ ಕೈ ತೊಳೆದುಕೊಂಡು ಹೇಳಿದರು: "ನಿಂದು ಖರೇ ಐತಪ. ನನ್ನ ಮಗ ಹಾಡಹಗಲೊಳಗ ಅಂಗಡಿಗೆ ಹೋದಾವ. ಕುರ್ಚಿ ಮ್ಯಾಲ ಕುಂತಲ್ಲೇ ಹೋದ. ಸೂರ್ಯ ನೆತ್ತಿ ಮ್ಯಾಲ ಇದ್ದ. ನಾ ದಾರಿ ನೋಡಿರ್ಲೂ ಇಲ್ಲ." ಸೆರಗಿಗೆ ಕೈ ಒರೆಸಿಕೊಂಡು, "ನಿನ್ನ ಫೋನ್ ನಂಬರ್ ಕೊಡು. ದಿನಾ ನಿನ್ನ ಮಗಳು ಗಾಡಿ ಹತ್ತಿದ ಕೂಡ್ಲೇ ನಾ ಮಾಡ್ತೀನಿ. ಬಸ್ ಹತ್ತಿದ ಮ್ಯಾಲ ಮತ್ತ ಮಾಡ್ತೀನಿ. ನೀ ನಿಂದ್ರಬ್ಯಾಡ, ಕುಂತ್ಕೊಂಡು ಎತ್ತು" ಎಂದರು.

ಅವರು ನಂಬರ್ ಹೇಳಿದರು. ರಮಾ ಅದನ್ನು ಅತ್ತೆಯ ಫೋನಿಗೆ ಹಾಕುವಾಗ ಬೆರಳು ತಪ್ಪಿ ತಪ್ಪಿ ಒತ್ತುತ್ತಿದ್ದಳು.

ಈ ಹೊತ್ತಿನಲ್ಲಿ ಹೊರಡಬೇಡಿ ಎಂದು ಅವರೇ ಉಳಿಸಿಕೊಂಡರು. ಮರುಳಸಿದ್ದಪ್ಪನಿಗೆ ಫೋನು ಮಾಡಿ ಹೇಳಿದೆ. ಬೆಳಿಗ್ಗೆ ಎದ್ದರೆ ಅವನು ಬಂದೇ ಬಿಟ್ಟಿದ್ದ. ಬೈಯಲು ಸಿದ್ಧವಾಗಿ ಬಂದವನು, ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಿದ್ದ ತಾಯಿಯನ್ನು ನೋಡಿ ಅಲ್ಲೇ ನಿಂತ. "ಏನ್ ನೋಡ್ತಿ? ಕುಂದ್ರು, ಚಾ ಕುಡಿ" ಎಂದರು ಅತ್ತೆ. ಯಮನಮ್ಮ ಲೋಟ ತಂದರು. ಅವನು ಲೋಟ ನೋಡಿದ, ತಾಯಿಯನ್ನು ನೋಡಿದ, ಕೂತ.

ವಾಪಸ್ ಬರುವಾಗ ಅವನು ಎರ್ರಿಯಪ್ಪನ ಗಾಡಿಯಲ್ಲಿ ನನ್ನ ಹಿಂದೆಯೇ ಬಂದ, ಸಂಡೂರಿನವರೆಗೆ. ಮುಂದೆ ಹೋಗಲಿಲ್ಲ.

ನವೆಂಬರ್ 19

ಮರುಳಸಿದ್ದಪ್ಪ ಕಾರಿಗೆ ಹೊಸ ಟೈರು ಹಾಕಿಸಿದ್ದಾನೆ. "ಹಳೇವು ನುಣ್ಣಗಾಗಿದ್ವು. ಅಂಥಾವು ಹಾಕ್ಕೊಂಡು ಓಡಾಡಾಕತ್ತೀರಲ್ಲ, ಹೇಳಬಾರ್ದೇನು ಅತ್ತಿಗೀ?" ಎಂದು ಗೊಣಗಿದ. ಡಿಕ್ಕಿಯಲ್ಲಿ ಒಂದು ಡಬ್ಬಿ ಬಿಸ್ಕತ್ತನ್ನೂ ಇಟ್ಟಿದ್ದ.

ಡಿಸೆಂಬರ್ 5

ಸಮಿತಿ ಪದಕಕ್ಕೆ ಒಪ್ಪಿದೆಯಂತೆ. ಮುರುಗೇಶ್ ಖುಷಿಯಿಂದ ಹೇಳಿದರು. ನಾನು, ಆ ಹಣವನ್ನು ಸಂಜೆಯ ಒಂದು ವ್ಯಾನಿಗೆ ಹಾಕಬಹುದೇ ಎಂದು ಕೇಳಿದೆ. ಈಗ ಹನ್ನೆರಡು ಹುಡುಗಿಯರು ನಾಲ್ಕರ ಮೇಲೆ ಉಳಿಯುತ್ತಾರೆ, ನಾನು ಮೂರು ಸಲ ಏರಿ ಇಳಿಯುತ್ತೇನೆ. ಪದಕ ವರ್ಷಕ್ಕೆ ಒಬ್ಬರಿಗೆ ಸಿಗುತ್ತದೆ. ಮರುಳಸಿದ್ದಪ್ಪ ಉಳಿದದ್ದನ್ನು ಅಂಗಡಿಯಿಂದ ಸೇರಿಸುತ್ತೇನೆ ಎಂದಿದ್ದಾನೆ. ನಾನು ಕೇಳಿರಲಿಲ್ಲ.

ಅತ್ತೆಯನ್ನೂ ಕರೆದುಕೊಂಡು ನಿರ್ದೇಶಕರ ಹತ್ತಿರ ಹೋದೆ, ಒಪ್ಪಿದರು. ಡ್ರೈವರ್, ಡೀಸೆಲ್ ವಿಶ್ವವಿದ್ಯಾಲಯದ್ದು. ಗಾಡಿಯ ಮೇಲೆ ಸಿದ್ದಲಿಂಗೇಶ್ ಅವರ ಹೆಸರು ಬರೆಸೋಣವೇ ಎಂದು ಕೇಳಿದರು. ಇವರ ಹೆಸರು ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟು ದಿನವಾಗಿತ್ತು! ನಾನು ಅತ್ತೆಯ ಕಡೆ ನೋಡಿದೆ. ಅವರು ಸೆರಗಿನ ಅಂಚು ತಿರುವುತ್ತ ಕೂತಿದ್ದರು.

"ಹೆಸರು ಓದಿ ಯಾರು ಗಾಡಿ ಹತ್ತತಾರ್ರೀ ಸರ? ಟೈಮು ಬರಸ್ರಿ. ದೂರದಿಂದ ಕಾಣೋ ಹಂಗ ದೊಡ್ಡದಾಗಿ ಬರಸ್ರಿ."

ಡಿಸೆಂಬರ್ 28

ರಮಾ ಪರೀಕ್ಷೆ ಬರೆದಳು. ಹೇಗಾಯಿತೆಂದು ಕೇಳಬೇಡ ಎಂದು ಅತ್ತೆ ನನಗೆ ಎಚ್ಚರಿಸಿ, ತಾವೇ ಕೇಳಿದರು. "ಎರಡನೇ ಪೇಪರ್ ಕಷ್ಟ ಇತ್ತಜ್ಜಿ" ಎಂದಳಂತೆ.

ಜನವರಿ 20

ವ್ಯಾನು ಬಂತು. ಬಿಳಿಯ ಗಾಡಿ, ಬದಿಯಲ್ಲಿ ನೀಲಿ ಅಕ್ಷರ: ಗ್ರಂಥಾಲಯದಿಂದ ಸಂಜೆ 6.30. ಹುಡುಗಿಯರು ಗಲಾಟೆ ಮಾಡುತ್ತ ಹತ್ತಿದರು. ಕಾವ್ಯ ಕಿಟಕಿಯಿಂದ ತಲೆ ಹಾಕಿ, "ಆಂಟಿ, ಈ ಡ್ರೈವರ್ ಬೇಗ ಹೊಡೀತಾನ, ಭಯ ಆಗ್ತೈತಿ, ನೀವೇ ಛಲೋ" ಎಂದು ಕೂಗಿದಳು. ಗಾಡಿ ತಿರುವಿನಲ್ಲಿ ಮರೆಯಾಯಿತು.

ನಾನೂ ಅತ್ತೆಯೂ ಖಾಲಿ ಕಾರಿನಲ್ಲಿ ಕೂತಿದ್ದೆವು. ಪರೀಕ್ಷೆ ಮುಗಿದರೂ ರಮಾ ಓದಲು ಬರುವುದು ಬಿಟ್ಟಿಲ್ಲ. ಅತ್ತೆ ರೂಢಿಯಂತೆ ಪಕೀರಪ್ಪನಿಗೆ ಫೋನು ಮಾಡಿ, "ಹತ್ತಿದಳಪ್ಪ" ಎಂದರು. ಆಮೇಲೆ ಫೋನನ್ನು ಮಡಿಲಲ್ಲಿಟ್ಟುಕೊಂಡು, "ಇನ್ನ ನಮಗೇನು ಕೆಲಸ?" ಎಂದರು. ಮನೆಗೆ ಬಂದು ಅನ್ನ ಮಾಡಿದೆ.

ಜನವರಿ 27

ಮುರುಗೇಶ್ ಕೇಳಿದರು, ಪರೀಕ್ಷೆಗೆ ಓದುವ ಹುಡುಗಿಯರಿಗೆ ಶನಿವಾರ ಅರ್ಥಶಾಸ್ತ್ರ ಹೇಳಿಕೊಡುತ್ತೀರಾ ಎಂದು. ನನಗೆ ಏನು ಬರುತ್ತದೆ, ಎಲ್ಲ ಬದಲಾಗಿದೆ ಎಂದೆ. ಹೊಸಪೇಟೆಗೆ ಹೋಗಿ ಹೊಸ ಪುಸ್ತಕಗಳನ್ನು ತಂದೆ. ಓದುತ್ತಿದ್ದೇನೆ.

ಫೆಬ್ರವರಿ 23, ಭಾನುವಾರ

ನಿನ್ನೆ ಫಲಿತಾಂಶ ಬಂತು. ರಮಾಳಿಗೆ ಆಗಲಿಲ್ಲ. ಸ್ವಲ್ಪದರಲ್ಲೇ ತಪ್ಪಿತು. ಅವಳು ಫೋನು ಎತ್ತಲಿಲ್ಲ, ನಾನು ದಿನವಿಡೀ ಒಂದೇ ಪುಟ ಓದಿದೆ.

ಈಗ ಬೆಳಿಗ್ಗೆ ಪಕೀರಪ್ಪ ಅವರೇ ಮಾಡಿದರು. ಬಟ್ಟೆ ಅಂಗಡಿಯ ಮಾತು ಬರುತ್ತದೆಂದು ನಾನು ಗಟ್ಟಿಯಾಗಿ ಕೂತೆ.

"ಆಕಿ ಮುಸುಕು ಹಾಕ್ಕೊಂಡು ಮಲಗ್ಯಾಳ್ರೀ ಅಮ್ಮಾರೆ. ನಾ ಹೇಳೋದು ಕೇಳವಲ್ಲಳು. ಇನ್ನೊಂದು ಸಲ ಬರಿ ಅಂತ ನೀವು ಬಂದು ಹೇಳ್ರಿ. ಅಜ್ಜೀನ್ನೂ ಕರಕೊಂಡು ಬರ್ರಿ. ರಮಾನ ಅವ್ವ ಹೀರೆಕಾಯಿ ಕೊಯ್ದಿಟ್ಟಾಳ."

ಇನ್ನೊಂದು ಸಲ ಬರಿ ಎಂದು ಅವರ ಬಾಯಿಂದ. ನಾನು ಏನೆಂದೆನೋ ನೆನಪಿಲ್ಲ. ಅತ್ತೆಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ, ಸೀರೆ ಬದಲಿಸಿದರು. ಅವಳಿಗೆ ಏನು ಹೇಳಬೇಕೆಂದು ಇಲ್ಲಿ ಬರೆದುಕೊಂಡು ಹೋಗೋಣವೆಂದು ಕೂತೆ, ಆದರೆ ಅತ್ತೆ ಆಗಲೇ ಕಾರಿನಲ್ಲಿ ಕೂತು, ನನ್ನ ಕಡೆಗೆ ಬಾಗಿ, ಹಾರ್ನ್ ಹೊಡೆಯುತ್ತಿದ್ದಾರೆ. ಬಿಡುವುದೇ ಇಲ್ಲ, ಇಡೀ ಓಣಿ ಎದ್ದು ಬಂತು.